ಕವುಚಿಟ್ಟ ಹರಿಗೋಲು



ಹಳೇಬೀಡಿನ ಹೊಯ್ಸಳೇಶ್ವರನನ್ನು ನೋಡಲು ಬಂದವರಲ್ಲಿ ಕೆಲವರು ತುಸು ದೂರ ನಡೆದು ನಮ್ಮ ಬಸ್ತಿಹಳ್ಳಿಗೂ ಬರುತ್ತಾರೆ. 1133ರಲ್ಲಿ ಗಂಗರಾಜನ ಮಗ ಬೊಪ್ಪದೇವ ಕಟ್ಟಿಸಿದ ಪಾರ್ಶ್ವನಾಥ ಬಸದಿಯ ಕಂಬಗಳಲ್ಲಿ ಮುಖ ನೋಡಿಕೊಂಡು ಹೋಗುತ್ತಾರೆ. ಆ ಕಂಬಗಳ ವಿಚಾರ ಹೇಳುವವರು ಬಹಳ ಮಂದಿ ಇದ್ದಾರೆ. ಈ ಹೊತ್ತು ನಾನು ಹೇಳಹೊರಟಿರುವುದು ಕೆರೆಯಂಚಿನಲ್ಲಿ ಕವುಚಿಟ್ಟ ಒಂದು ಹಳೆಯ ಹರಿಗೋಲಿನ ವಿಚಾರ.

ಹರಿಗೋಲು ನಮ್ಮ ನಾಡಿಗೆ ಹೊಸತಲ್ಲ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೋ ಪಾಯಸ್, ತುಂಗಭದ್ರೆಯನ್ನು ದಾಟಿಸುತ್ತಿದ್ದ ಈ ಬುಟ್ಟಿದೋಣಿಗಳನ್ನು ಕಂಡು ಬರೆದಿಟ್ಟಿದ್ದಾನೆ. ಒಳಗೆ ಬೆತ್ತ, ಹೊರಗೆ ತೊಗಲು, ಹದಿನೈದಿಪ್ಪತ್ತು ಜನ ಹಿಡಿಸುತ್ತಿದ್ದರಂತೆ. ನೇರ ಹೋಗಲಾರದೆ ಸದಾ ಸುತ್ತುತ್ತಿರುತ್ತದೆ ಎಂದೂ ಹೇಳಿದ್ದಾನೆ. ಇಂಥ ದೋಣಿಗಳು ಇರಾಕಿನ ಟೈಗ್ರಿಸ್ ನದಿಯಲ್ಲೂ ಹಿಂದೆ ಇದ್ದವು, ಬ್ರಿಟನ್ನಿನ ವೇಲ್ಸಿನಲ್ಲೂ ಉಂಟು. ತಳ ಚಪ್ಪಟೆಯಾದ್ದರಿಂದ ಮೊಣಕಾಲುದ್ದ ನೀರಿದ್ದರೂ ಸಾಕು, ಬಂಡೆಗಳ ಮೇಲೆ ಜಾರಿಕೊಂಡು ಹೋಗುತ್ತದೆ. ದಡ ಸೇರಿದ ಮೇಲೆ ಒಬ್ಬನೇ ತಲೆಯ ಮೇಲೆ ಹೊತ್ತು ನಡೆಯಬಹುದು. ನದಿಯುದ್ದಕ್ಕೂ ಬಿಡಾರ ಹೂಡುತ್ತಾ ಮೀನು ಹಿಡಿಯುವ ಸಂಸಾರಗಳಿಗೆ ಹಗಲಲ್ಲಿ ಅದು ದೋಣಿ. ರಾತ್ರಿ ಮಳೆ ಹಿಡಿದರೆ ಕವುಚಿಕೊಂಡು ಮಲಗಲು ಅದೇ ಮಾಡು.

ನಮ್ಮೂರ ಕಡೆಯ ಮೀನುಗಾರರೊಬ್ಬರು ತಮ್ಮ ಹರಿಗೋಲನ್ನು ಮಗುವಿನಂತೆ ನೋಡಿಕೊಳ್ಳುತ್ತಾರೆ. ಬಿದಿರಿನ ದಬ್ಬೆಗಳ ಹೆಣಿಗೆ, ಅದರ ಮೇಲೆ ಗೊಬ್ಬರದ ಚೀಲ ಹೊಲಿದು ಮಾಡಿದ ಹೊದಿಕೆ, ಹೊದಿಕೆಗೆ ಡಾಂಬರು. ಹಿಂದೆ ಇದ್ದ ತೊಗಲು ಒದ್ದೆಯಲ್ಲೇ ಬಿಟ್ಟರೆ ಕೊಳೆಯುತ್ತಿತ್ತು. ಈಗಿನ ಚೀಲ ಕೊಳೆಯುವುದಿಲ್ಲ, ಆದರೆ ಇಲಿ ಕಡಿಯುತ್ತದೆ. ನೆಲಕ್ಕೆ ತಾಗಿದರೆ ಬಿದಿರಿಗೆ ಗೆದ್ದಲು. ಅದಕ್ಕೇ ಕಲ್ಲುಗಳ ಮೇಲೆ ಕವುಚಿಡಬೇಕು. ಮುಂಗಾರಿಗೆ ಮೊದಲು, ಬಿಸಿಲು ಕಾದಿರುವಾಗಲೇ ಡಾಂಬರು ಕಾಯಿಸಿ ಬಳಿಯಬೇಕು. ಹಸಿಯ ಮೇಲೆ ಡಾಂಬರು ಹಿಡಿಯದು.

ಕವುಚಿಟ್ಟ ಹರಿಗೋಲಿನ ನೆರಳಿಗೆ ನೆಂಟರು ಬಹಳ. ಕಪ್ಪೆಗಳು ಬರುತ್ತವೆ, ಕಪ್ಪೆಯನ್ನು ಹುಡುಕಿಕೊಂಡು ನೀರೊಳ್ಳೆ ಹಾವು ಬರುತ್ತದೆ. ಮೇಲೆ ಬೆಳ್ಳಕ್ಕಿಯೋ ಮಿಂಚುಳ್ಳಿಯೋ ಕೂರುತ್ತದೆ. ಹಾವಿಗೆ ಹೆದರಬೇಕಿಲ್ಲ, ಅದಕ್ಕೆ ವಿಷವಿಲ್ಲ. ಆದರೂ ಎತ್ತುವ ಮೊದಲು ಅವರು ಕೋಲಿನಿಂದ ಎರಡು ಸಲ ತಟ್ಟುತ್ತಾರೆ.

ಒಂದು ವರ್ಷ ಮೇ ತಿಂಗಳ ಕೊನೆಗೆ ಹಾಗೆ ತಟ್ಟಿದಾಗ ಒಳಗಿಂದ ಕಪ್ಪುಬಿಳಿ ಕುಂಡೆಕುಸ್ಕವೊಂದು ಪುರ್ರನೆ ಹಾರಿತು. ಬಗ್ಗಿ ನೋಡಿದರೆ ಕಲ್ಲಿನ ಸಂದಿಯಲ್ಲಿ ಬೇರು ನಾರಿನ ಗೂಡು, ನಾಲ್ಕು ಮೊಟ್ಟೆ. ಆ ಹಕ್ಕಿಗೆ ನೀರಿನಂಚೇ ಮನೆ. ದಡದ ದೋಣಿಯಲ್ಲಿ ಗೂಡು ಕಟ್ಟುವುದೂ ಉಂಟು.

ಡಾಂಬರು ತಂದಾಗಿತ್ತು, ಮೋಡ ಕಟ್ಟುತ್ತಿತ್ತು. ನಾನು ಬುದ್ಧಿವಂತನಂತೆ, “ಗೂಡನ್ನು ಮೆಲ್ಲಗೆ ಪಕ್ಕದ ಪೊದೆಗೆ ಇಟ್ಟುಬಿಡಿ ಯಜಮಾನ್ರೇ” ಅಂದೆ.

“ನಾವು ಮನೆಗೆ ಬಂದಾಗ ಮನೆಯೇ ಆಚೆ ಬೀದಿಗೆ ಹೋಗಿದ್ದರೆ ಹುಡುಕ್ತೀವಾ ಮೇಷ್ಟ್ರೇ?” ಅಂದರು.

ಅವರ ಹೆಂಡತಿ ಮಾತ್ರ ಸುಮ್ಮನಿರಲಿಲ್ಲ. “ಹಕ್ಕಿ ಮರಿ ಮಾಡ್ಲಿ, ನಮ್ಮ ಮಕ್ಕಳಿಗೆ ಏನಿಕ್ಕಾಣ?” ಎಂದು ಕೇಳಿದರು. ಆ ಪ್ರಶ್ನೆಯೂ ಸುಳ್ಳಲ್ಲ. ಹರಿಗೋಲು ಇಳಿಯದೆ ಬಲೆಯಿಲ್ಲ, ಬಲೆಯಿಲ್ಲದೆ ಸಂತೆಯಿಲ್ಲ. ಕಾವಿಗೆ ಸುಮಾರು ಎರಡು ವಾರ, ಮರಿ ಹಾರಲು ಮತ್ತೆ ಅಷ್ಟೇ. ಅವರು ಆಲೂಗಡ್ಡೆ ಬಿತ್ತನೆಗೆ ಕೂಲಿಗೆ ಹೋದರು. ಹೆಂಡತಿಯೂ ಜೊತೆಗೆ ಹೋದರು.

ಮೂರು ಮರಿ ಹಾರಿದವು. ಒಂದು ಮೊಟ್ಟೆ ಒಡೆಯಲೇ ಇಲ್ಲ. ಅಷ್ಟರಲ್ಲಿ ಮಳೆ ಹಿಡಿದಿತ್ತು, ಡಾಂಬರು ಸರಿಯಾಗಿ ಕೂರಲಿಲ್ಲ. ಆ ವರ್ಷವೆಲ್ಲ ಅವರು ಒಂದು ಕೈಯಲ್ಲಿ ಹುಟ್ಟು, ಇನ್ನೊಂದು ಕೈಯಲ್ಲಿ ನೀರು ಚೆಲ್ಲುವ ಡಬ್ಬ ಹಿಡಿದೇ ಮೀನು ಹಿಡಿದರು.

2015ರಲ್ಲಿ ಸರ್ಕಾರ ತುಂಗಭದ್ರೆಯಲ್ಲಿ ನೀರುನಾಯಿಗಳಿಗಾಗಿ ಸಂರಕ್ಷಣಾ ಪ್ರದೇಶವೊಂದನ್ನು ಘೋಷಿಸಿತು. ರಂಗನತಿಟ್ಟು 1940ರಿಂದಲೇ ಪಕ್ಷಿಧಾಮ. ಇವೆಲ್ಲ ಆಗಬೇಕಾದ ಕೆಲಸಗಳೇ. ಆದರೆ ಊರೂರ ಕೆರೆಯ ದಡದಲ್ಲಿ ಹಕ್ಕಿಯ ಪಾಲನ್ನು ಬಿಡುವವರು ಬಡವರು. ಆ ಪಾಲು ಹೋಗುವುದು ಅವರ ತಟ್ಟೆಯಿಂದಲೇ. ನಾವು ಕೆರೆ ನೋಡಲು ಬಂದಾಗ ಅದನ್ನು ಮರೆಯದಿದ್ದರೆ ಸಾಕು.

ಈಗ ಅವರು ಡಾಂಬರನ್ನು ಏಪ್ರಿಲಿನಲ್ಲೇ ಬಳಿಯುತ್ತಾರೆ. ಆಮೇಲೆ ಹಳೆಯ, ಮುರುಕಲು ಹರಿಗೋಲೊಂದನ್ನು ಪಕ್ಕದಲ್ಲಿ ಕವುಚಿ ಬಿಡುತ್ತಾರೆ. ಅದು ಯಾರಿಗೆ ಎಂದು ನಾನು ಕೇಳಿಲ್ಲ.