ಪಿಕಪ್ಪಿನ ಲೋಡು ಜಾರದಿರಲಿ
(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಅಡಿಕೆ, ಗೊಬ್ಬರ, ಹಿಂಡಿ ಎಲ್ಲವೂ ಈಗ ಪಿಕಪ್ಪಿನಲ್ಲೇ. ಮಳೆನೀರು, ಗೊಬ್ಬರದ ಉಪ್ಪು ತಾಗಿ ತಗಡು ತುಕ್ಕು ಹಿಡಿಯಬಾರದೆಂದು ಹಿಂದೆ ತಳಕ್ಕೆ ಪ್ಲಾಸ್ಟಿಕ್ ಹಾಸು ಹಾಕಿಸುತ್ತೇವೆ. ಒಳ್ಳೆಯದೇ. ಆದರೆ ಅದರ ಮೇಲೆ ಪ್ಲಾಸ್ಟಿಕ್ ಚೀಲ ಜಾರುತ್ತದೆ. ಒದ್ದೆಯಾದರೆ ಕೇಳುವುದೇ ಬೇಡ.

ಒಂದು ಮಳೆಗಾಲದಲ್ಲಿ ನಾನು ಸಿದ್ಧಕಟ್ಟೆಯಿಂದ ಮೂಡುಬಿದಿರೆಗೆ ಹೋಗುತ್ತಿದ್ದೆ. ನಾಲ್ಕೇ ಚೀಲ ಅಲ್ವಾ ಅಂತ ಹಗ್ಗ ಕಟ್ಟಲಿಲ್ಲ. ಏರಿನಲ್ಲಿ ಚೀಲಗಳು ಜಾರಿ ಹಿಂದಿನ ಬಾಗಿಲಿಗೆ ಬಡಿದವು. ಚಿಲಕ ತಪ್ಪಿ ಒಂದು ಚೀಲ ರಸ್ತೆಗೆ ಬಿತ್ತು. ಹಿಂದೆ ಬೈಕಿನಲ್ಲಿ ತಂದೆ, ಮಗು. ಎರಡು ಮಾರು ದೂರದಲ್ಲಿ ಬ್ರೇಕ್ ಹಿಡಿದು ನಿಂತರು. ಆ ಮಗುವಿನ ಮುಖ ಇವತ್ತಿಗೂ ನೆನಪುಂಟು.

ಹಾಗಾಗಿ ಮೊದಲು ಹಾಸನ್ನು ಒರೆಸಿ, ಮೇಲೆ ರಬ್ಬರ್ ಮ್ಯಾಟ್ ಹಾಕಿ. ಭಾರದ್ದನ್ನು ಕೆಳಗೆ, ಕ್ಯಾಬಿನ್ ಕಡೆಗೆ ಒತ್ತಿ ಇಡಿ. ಹಗ್ಗವನ್ನು ಗಾಡಿಯ ಕಬ್ಬಿಣದ ಕೊಂಡಿಗೇ ಕಟ್ಟಿ, ಹಾಸಿನ ಅಂಚಿಗಲ್ಲ. ಟರ್ಪಾಲು ಮಳೆಗೆ ಮಾತ್ರ. ಹಗ್ಗದ ಕೆಲಸ ಅದರಿಂದ ಆಗದು. ಚೀಲ ಹಿಡಿದುಕೊಳ್ಳಲು ಹಿಂದೆ ಆಳನ್ನು ಕೂರಿಸಬೇಡಿ. ಸ್ವಲ್ಪ ದೂರ ಹೋದ ಮೇಲೆ ಇಳಿದು ನೋಡಿ; ಚೀಲ ಕುಸಿದು ಹಗ್ಗ ಸಡಿಲಾಗಿರುತ್ತದೆ. ಚಾರ್ಮಾಡಿ ಘಾಟಿ ಹತ್ತುವವರು ಉಜಿರೆಯಲ್ಲೇ ಒಮ್ಮೆ ಬಿಗಿಯಿರಿ.

ಇದಕ್ಕೆ ಐದು ನಿಮಿಷ ಸಾಕು. ನಮ್ಮ ಹಿಂದೆ ಬರುವವರೂ ನಮ್ಮೂರಿನವರೇ ಅಲ್ಲವೇ?