ಎಣ್ಣೆ ಡಬ್ಬಿಯ ಮೇಲಿನ ಅಂಕಿ
(ರೈತರಿಗಾಗಿ ಮಾಡಿದ ಭಾಷಣ)



ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳ ಶೇಂಗಾ, ರಾಗಿ ಹೊಲಗಳಿಗೂ ಅಡಿಕೆ, ತೆಂಗಿನ ತೋಟಗಳಿಗೂ ಇಂದು ಟ್ರ್ಯಾಕ್ಟರ್, ಟಿಲ್ಲರ್ ಬಂದಿವೆ. ನಮ್ಮ ಕಡೆ ಮಳೆ ಬಿದ್ದ ಮೇಲೆ ಬಿತ್ತನೆಯ ಹದ ನಿಲ್ಲುವುದು ಕೆಲವೇ ದಿನ. ಆಗ ಯಂತ್ರ ಕೆಟ್ಟು ನಿಂತರೆ ಹದ ತಪ್ಪಿದಂತೆಯೇ. ಆದುದರಿಂದಲೇ ಬೇಸಾಯಶಾಸ್ತ್ರದವನಾದ ನಾನೂ ಇಂದು ಎಣ್ಣೆಯ ಮಾತೆತ್ತಿದ್ದೇನೆ.

ಎಣ್ಣೆ ನೀರಿಗಿಂತ ಹಗುರ, ತೇಲುತ್ತದೆ. ಆದರೂ ನೀರಿಗಿಂತ ಮಂದವಾಗಿ ಹರಿಯುತ್ತದೆ. ಹರಿಯುವಾಗ ತೋರುವ ಈ ತಡೆಯನ್ನೇ ಸ್ನಿಗ್ಧತೆ ಎನ್ನುತ್ತೇವೆ. ಇದರ ಒಂದು ಮಾನ ಸೆಂಟಿಪಾಯ್ಸ್. 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ನೀರಿನ ಸ್ನಿಗ್ಧತೆ ಸುಮಾರು 1 ಸೆಂಟಿಪಾಯ್ಸ್. ಮಿಲಿಪಾಸ್ಕಲ್-ಸೆಕೆಂಡ್ ಎಂದು ಬರೆದಿದ್ದರೂ ಅದೇ ಬೆಲೆ. ಎಣ್ಣೆ ಕಂಪನಿಗಳು ಹೆಚ್ಚಾಗಿ ಕೊಡುವುದು ಇನ್ನೊಂದು ಮಾನ, ಸೆಂಟಿಸ್ಟೋಕ್. ಸೆಂಟಿಪಾಯ್ಸನ್ನು ಸಾಂದ್ರತೆಯಿಂದ, ಎಂದರೆ ಒಂದು ಲೀಟರ್ ಎಣ್ಣೆ ಎಷ್ಟು ಕಿಲೋ ತೂಗುತ್ತದೋ ಆ ಅಂಕಿಯಿಂದ, ಭಾಗಿಸಿದರೆ ಸೆಂಟಿಸ್ಟೋಕ್ ಸಿಗುತ್ತದೆ. ಲೀಟರಿಗೆ 900 ಗ್ರಾಂ ತೂಗುವ ಎಣ್ಣೆಯದು 90 ಸೆಂಟಿಪಾಯ್ಸ್ ಎನ್ನೋಣ. 90ನ್ನು 0.9ರಿಂದ ಭಾಗಿಸಿ, 100 ಸೆಂಟಿಸ್ಟೋಕ್ ಆಯಿತು. ತಿರುಗಿ ಸೆಂಟಿಪಾಯ್ಸ್ ಬೇಕಾದರೆ ಗುಣಿಸಿ.

ಲೆಕ್ಕ ಇಷ್ಟೇ. ತೊಡಕಿರುವುದು ಡಬ್ಬಿಯ ಅಂಕಿಯಲ್ಲಿ. ಎಂಜಿನ್ ಎಣ್ಣೆಯ 40, ಗೇರ್ ಎಣ್ಣೆಯ 90 ಇವು ಎಸ್.ಎ.ಇ. ದರ್ಜೆಗಳು, ಅಳತೆಗಳಲ್ಲ; ಎರಡಕ್ಕೂ ಪಟ್ಟಿ ಬೇರೆ ಬೇರೆ. 100 ಡಿಗ್ರಿಯಲ್ಲಿ 40ರ ಎಂಜಿನ್ ಎಣ್ಣೆ 12.5ರಿಂದ 16.3 ಸೆಂಟಿಸ್ಟೋಕ್ ಇದ್ದರೆ, 90ರ ಗೇರ್ ಎಣ್ಣೆ ಈಗಿನ ಪಟ್ಟಿಯಂತೆ 13.5ರಿಂದ 18.5. ಅಂಕಿ ಎರಡು ಪಟ್ಟು ಮೀರಿದರೂ ಮಂದದಲ್ಲಿ ಅಂಥ ಅಂತರವಿಲ್ಲ!

ಹೈಡ್ರಾಲಿಕ್ ಎಣ್ಣೆಯ ಮೇಲಿನ ವಿ.ಜಿ. 68 ಮಾತ್ರ ನಿಜವಾದ ಅಳತೆ: 40 ಡಿಗ್ರಿಯಲ್ಲಿ 68 ಸೆಂಟಿಸ್ಟೋಕ್, ಶೇಕಡ 10 ಹೆಚ್ಚು ಕಡಿಮೆ. 68ಕ್ಕೂ 90ಕ್ಕೂ ಏನು ಮಹಾ ವ್ಯತ್ಯಾಸ ಎಂದು ಒಂದರ ಬದಲು ಇನ್ನೊಂದನ್ನು ಸುರಿಯಬೇಡಿ. ಅದೇ 40 ಡಿಗ್ರಿಯಲ್ಲಿ 90ರ ಗೇರ್ ಎಣ್ಣೆ ಅದರ ಎರಡು ಪಟ್ಟಿಗಿಂತಲೂ ಮಂದ. ಪಂಪು ಅದನ್ನು ಎಳೆಯಲು ಏದುತ್ತದೆ.

ಉಷ್ಣತೆಯನ್ನು ಬಿಟ್ಟು ಹೋಲಿಸಿದರೆ ಪರಿವರ್ತನೆಗೆ ಅರ್ಥವೇ ಇಲ್ಲ. ಬಾಣಲೆಯಲ್ಲಿ ಕಾದ ಶೇಂಗಾ ಎಣ್ಣೆ ನೀರಿನಂತಾಗುವುದನ್ನು ಮನೆಯ ಹೆಣ್ಣುಮಕ್ಕಳು ನಮಗಿಂತ ಚೆನ್ನಾಗಿ ಬಲ್ಲರು.

ಇನ್ನೊಂದು ಮಾತು. ಸ್ನಿಗ್ಧತೆ ಸಮನಾದ ಮಾತ್ರಕ್ಕೆ ಗೇರ್ ಎಣ್ಣೆಯನ್ನು ಎಂಜಿನ್‌ಗೆ ಹಾಕುವಂತಿಲ್ಲ. ಅವುಗಳಲ್ಲಿ ಬೆರೆಸಿದ ರಾಸಾಯನಿಕಗಳೇ ಬೇರೆ. ಅಂಗಡಿಗೆ ಹೋಗುವಾಗ ಟ್ರ್ಯಾಕ್ಟರಿನೊಡನೆ ಬಂದ ಕೈಪಿಡಿಯಿಂದ ಎಣ್ಣೆಯ ಬಗೆ, ದರ್ಜೆ ಎರಡನ್ನೂ ಚೀಟಿಯಲ್ಲಿ ಬರೆದುಕೊಂಡು ಹೋಗಿ.