ಬೀದಿಕಂಬದ ನೋಟಿಸು

ಇಂಗ್ಲೆಂಡಿನ ಬೀದಿಗಳಲ್ಲಿ ಓಡಾಡಿದವರು ದೀಪದ ಕಂಬಕ್ಕೆ ಕಟ್ಟಿದ ಹಾಳೆಯನ್ನು ನೋಡಿರುತ್ತೀರಿ. ಮಳೆಗೆ ನೆನೆಯದಿರಲೆಂದು ಅದಕ್ಕೊಂದು ಪ್ಲಾಸ್ಟಿಕ್ ಹೊದಿಕೆ. ಇಂಥ ನಂಬರಿನ ಮನೆಯವರು ಹಿತ್ತಲ ಕಡೆ ಎರಡು ಅಂತಸ್ತು ಕಟ್ಟಲು ಸ್ಥಳೀಯ ಕೌನ್ಸಿಲ್‌ಗೆ ಅರ್ಜಿ ಹಾಕಿದ್ದಾರೆ, ತಕರಾರಿದ್ದರೆ 21 ದಿನದೊಳಗೆ ತಿಳಿಸಿ ಎಂದು ಅದರಲ್ಲಿ ಬರೆದಿರುತ್ತದೆ. ಸ್ವಂತ ಜಾಗ, ಸ್ವಂತ ದುಡ್ಡು, ಬೀದಿಯವರನ್ನೇಕೆ ಕೇಳಬೇಕು? ಆ ದೇಶದಲ್ಲೂ ಹಿಂದೆ ಯಾರೂ ಕೇಳುತ್ತಿರಲಿಲ್ಲ.

ಮೊದಲ ಕಟ್ಟುಪಾಡು ಹುಟ್ಟಿದ್ದು ರೋಗದ ಭಯದಿಂದ. ಕಾರ್ಖಾನೆಗಳ ಊರಿನಲ್ಲಿ ಕೂಲಿಕಾರರಿಗೆಂದು ಬೆನ್ನಿಗೆ ಬೆನ್ನು ಹಚ್ಚಿ ಮನೆ ಕಟ್ಟುತ್ತಿದ್ದರು. ಕಿಟಕಿಯೇನಿದ್ದರೂ ಮುಂದುಗಡೆ ಮಾತ್ರ. ಹಿಂದಿನ ಗೋಡೆಯಾಚೆ ಇನ್ನೊಂದು ಸಂಸಾರ. ಗಾಳಿಯಿಲ್ಲ, ಚರಂಡಿಯಿಲ್ಲ. ಕಾಲರಾ ಮತ್ತೆ ಮತ್ತೆ ಬಂದು ಹೋದ ಮೇಲೆ 1875ರ ಸಾರ್ವಜನಿಕ ಆರೋಗ್ಯ ಕಾಯ್ದೆಯಡಿ ಸ್ಥಳೀಯ ಸಂಸ್ಥೆಗಳು ಬೈಲಾ ಮಾಡಿದವು. ರಸ್ತೆ ಇಷ್ಟು ಅಗಲ ಇರಬೇಕು, ಮನೆಯ ಹಿಂದೆ ಇಷ್ಟು ಬಯಲು ಬಿಡಬೇಕು, ಕಟ್ಟುವ ಮೊದಲು ನಕ್ಷೆ ಕೊಡಬೇಕು. ಆದರೆ ಮನೆ ಹೇಗಿರಬೇಕೆಂದು ಹೇಳಿದರೇ ಹೊರತು, ಅಲ್ಲಿ ಮನೆ ಬೇಕೋ ಬೇಡವೋ ಎಂದು ಕೇಳುವ ಅಧಿಕಾರ ಯಾರಿಗೂ ಇರಲಿಲ್ಲ.

ಆ ಕಡೆಗೆ ಮೊದಲ ಹೆಜ್ಜೆ 1909ರ ಕಾಯ್ದೆ. ಅದನ್ನು ತಂದ ಮಂತ್ರಿ ಜಾನ್ ಬರ್ನ್ಸ್, ಕಾರ್ಮಿಕ ಮುಖಂಡರಾಗಿ ಮೇಲೆ ಬಂದವರು, 1889ರ ಲಂಡನ್ ಬಂದರು ಮುಷ್ಕರದಲ್ಲಿ ಹೆಸರಾದವರು. ಬೆನ್ನಿಗೆ ಬೆನ್ನು ಹಚ್ಚಿದ ಮನೆ ಇನ್ನು ಕಟ್ಟಕೂಡದು ಎಂದದ್ದು ಇದೇ ಕಾಯ್ದೆ. ಆಮೇಲೆ ಮೋಟಾರು ಬಂತು, ಬಸ್ಸು ಬಂತು. ಊರಿನಿಂದ ಹೊರಟ ರಸ್ತೆಗಳ ಎರಡೂ ಬದಿಗೆ ಮನೆಗಳ ಸಾಲು ಹೊಲಗದ್ದೆಗಳನ್ನು ನುಂಗುತ್ತ ಹೋಯಿತು. ಅದನ್ನು ತಡೆಯಲೆಂದೇ 1935ರಲ್ಲಿ ಇನ್ನೊಂದು ಕಾಯ್ದೆ ಮಾಡಬೇಕಾಯಿತು.

ನಿಜವಾದ ಬದಲಾವಣೆ ಆದದ್ದು ಎರಡನೇ ಮಹಾಯುದ್ಧದ ಬಾಂಬುಗಳು ಊರೂರು ಕೆಡವಿದ ಮೇಲೆ. ಪ್ರಧಾನಿ ಆಟ್ಲಿ ಅವರ ಲೇಬರ್ ಸರ್ಕಾರದ ಮಂತ್ರಿ ಲೂಯಿಸ್ ಸಿಲ್ಕಿನ್ 1947ರಲ್ಲಿ ತಂದ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ 1948ರ ಜುಲೈ 1ರಂದು ಜಾರಿಗೆ ಬಂತು. ಅಲ್ಲಿನ ರಾಷ್ಟ್ರೀಯ ಆರೋಗ್ಯ ಸೇವೆ ಶುರುವಾಗಿದ್ದು ಅದಾದ ನಾಲ್ಕೇ ದಿನಕ್ಕೆ. ಆಸ್ಪತ್ರೆಯ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಭೂಮಿಯ ಈ ಕಥೆ ಅದಕ್ಕಿಂತ ಚಿಕ್ಕದೇನಲ್ಲ. ಜಮೀನು ಮಾಲೀಕನ ಹೆಸರಿನಲ್ಲೇ ಉಳಿಯಿತು. ಆದರೆ ಗದ್ದೆಯನ್ನು ಸೈಟು ಮಾಡುವುದಿರಲಿ, ಮನೆಯನ್ನು ಅಂಗಡಿ ಮಾಡುವುದಿರಲಿ, ಒಪ್ಪಿಗೆ ಪಡೆದೇ ಮಾಡಬೇಕು. ಸಣ್ಣಪುಟ್ಟ ಕೆಲಸಕ್ಕಷ್ಟೇ ರಿಯಾಯಿತಿ. ಒಪ್ಪಿಗೆಯಿಂದ ಜಮೀನಿನ ಬೆಲೆ ಏರಿದರೆ, ಏರಿದಷ್ಟನ್ನೂ ಸರ್ಕಾರಕ್ಕೆ ಕಟ್ಟಬೇಕೆಂಬ ಷರತ್ತೂ ಇತ್ತು. ಮುಂದೆ ಬಂದ ಕನ್ಸರ್ವೇಟಿವ್ ಸರ್ಕಾರ 1953ರಲ್ಲಿ ಆ ತೆರಿಗೆಯನ್ನು ಕಿತ್ತುಹಾಕಿತು. ಅರ್ಜಿಯನ್ನು ಮಾತ್ರ ಮುಟ್ಟಲಿಲ್ಲ.

ಇಷ್ಟಾದರೂ ನೆರೆಯವರಿಗೆ ಬಾಯಿ ಬಂದಿರಲಿಲ್ಲ. ಕೌನ್ಸಿಲ್ ಕಚೇರಿಯಲ್ಲಿ ಅರ್ಜಿಗಳ ರಿಜಿಸ್ಟರ್ ಇಡುತ್ತಿದ್ದರು. ಬೇಕಾದವರು ತಾವೇ ಹೋಗಿ ಪುಟ ತಿರುವಿ ನೋಡಬೇಕಿತ್ತು. ಕಸಾಯಿಖಾನೆ, ಸಾರ್ವಜನಿಕ ಶೌಚಾಲಯದಂಥ, ಪಕ್ಕದಲ್ಲಿ ಯಾರಿಗೂ ಬೇಡವಾದ ಕಟ್ಟಡಗಳಿಗೆ ಪ್ರಕಟಣೆ ಕೊಡಬೇಕೆಂದು 1959ರಲ್ಲಿ ನಿಯಮ ಬಂತು. ಯೋಜನೆಯಲ್ಲಿ ಜನ ಪಾಲ್ಗೊಳ್ಳಬೇಕೆಂದು ಸ್ಕೆಫಿಂಗ್ಟನ್ ಸಮಿತಿ ವರದಿ ಕೊಟ್ಟದ್ದು 1969ರಲ್ಲಿ. ಎಲ್ಲ ಅರ್ಜಿಗಳನ್ನೂ ಊರಿಗೆ ತಿಳಿಸಲೇಬೇಕೆಂದು ಕಡ್ಡಾಯವಾಗಲು 1991ರ ಕಾಯ್ದೆಯೇ ಬೇಕಾಯಿತು.

ಈಗ ಆ ಅರ್ಜಿಯನ್ನೇ ಸ್ವಲ್ಪ ಬಿಡಿಸಿ ನೋಡೋಣ. ಜೊತೆಗೆ ಸಾಮಾನ್ಯವಾಗಿ 1:1250 ಅಳತೆಯ ಭೂಪಟ ಇರುತ್ತದೆ. ಕಟ್ಟುವ ಜಾಗದ ಸುತ್ತ ಕೆಂಪು ಗೆರೆ; ಅರ್ಜಿದಾರನಿಗೆ ಪಕ್ಕದಲ್ಲೇ ಬೇರೆ ಜಾಗವಿದ್ದರೆ ಅದರ ಸುತ್ತ ನೀಲಿ ಗೆರೆ. ನಮ್ಮವರಿಗೆ ವಿಚಿತ್ರ ಅನ್ನಿಸುವ ಒಂದು ಸಂಗತಿ: ಅರ್ಜಿ ಹಾಕಲು ಜಾಗ ನಿಮ್ಮದೇ ಆಗಿರಬೇಕಿಲ್ಲ. ಮಾಲೀಕನಿಗೆ ನೋಟಿಸು ಕೊಟ್ಟಿದ್ದೇನೆಂದು ದೃಢಪಡಿಸಿದರೆ ಸಾಕು. ಒಪ್ಪಿಗೆ ಸಿಗುವುದು ಜಾಗಕ್ಕೆ, ಮನುಷ್ಯನಿಗಲ್ಲ. ಚಿಕ್ಕ ಅರ್ಜಿಗೆ ಎಂಟು ವಾರ, ದೊಡ್ಡದಕ್ಕೆ ಹದಿಮೂರು ವಾರ ಗಡುವು. ನಮ್ಮ ಕೋಣೆಗೆ ಬೆಳಕು ತಪ್ಪುತ್ತದೆ, ಕಿಟಕಿಯಿಂದ ನಮ್ಮ ಅಂಗಳಕ್ಕೆ ಇಣುಕುತ್ತಾರೆ ಎಂದರೆ ಕೌನ್ಸಿಲ್ ಕಿವಿಗೊಡುತ್ತದೆ. ನಮ್ಮ ಮನೆಯ ಬೆಲೆ ಇಳಿಯುತ್ತದೆ ಎಂದರೆ ಕೊಡುವುದಿಲ್ಲ. ಅರ್ಜಿ ತಿರಸ್ಕೃತವಾದರೆ ಅರ್ಜಿದಾರ ಮೇಲ್ಮನವಿ ಹಾಕಬಹುದು. ಮಂಜೂರಾದರೆ ನೆರೆಯವನಿಗೆ ಆ ದಾರಿ ಇಲ್ಲ. ಇದು ನ್ಯಾಯವೆಂದು ನನಗಂತೂ ಅನ್ನಿಸಿಲ್ಲ.

ಪ್ರತಿಮೆ ನಿಲ್ಲಿಸಲೂ ಇದೇ ಹಾದಿ. ಲಂಡನ್ನಿನಲ್ಲಿ ಥೇಮ್ಸ್ ನದಿಯ ದಂಡೆಯ ಮೇಲೆ 2015ರ ನವೆಂಬರ್ 14ರಂದು ಅನಾವರಣಗೊಂಡ ನಮ್ಮ ಬಸವಣ್ಣನವರ ಪ್ರತಿಮೆಗೂ ಅಲ್ಲಿನ ಲ್ಯಾಂಬೆತ್ ಕೌನ್ಸಿಲ್‌ನ ಒಪ್ಪಿಗೆ ಬೇಕಾಯಿತು.

ಇನ್ನು ಅರ್ಜಿಯನ್ನೇ ಹಾಕದೆ ನಿಲ್ಲಿಸಿದವರೊಬ್ಬರ ಕಥೆ. ಬಿಲ್ ಹೈನ್, ರೇಡಿಯೋದವರೇ. ಬಿಬಿಸಿಯ ಆಕ್ಸ್‌ಫರ್ಡ್ ಕೇಂದ್ರದಲ್ಲಿ ನಿರೂಪಕರು. 1986ರ ಆಗಸ್ಟ್ 9ರ ಬೆಳಿಗ್ಗೆ ಆಕ್ಸ್‌ಫರ್ಡ್‌ನ ಹೆಡಿಂಗ್ಟನ್ ಬಡಾವಣೆಯ ಜನ ಎದ್ದು ನೋಡಿದರೆ, ಅವರ ಮನೆಯ ಮಾಡಿನಲ್ಲಿ 25 ಅಡಿಯ ಶಾರ್ಕ್ ಮೀನು ತಲೆ ಹುದುಗಿಸಿ, ಬಾಲ ಮೇಲೆತ್ತಿ ನಿಂತಿತ್ತು. ಫೈಬರ್‌ಗ್ಲಾಸಿನದು, ಜಾನ್ ಬಕ್ಲಿ ಎಂಬ ಶಿಲ್ಪಿಯ ಕೈಕೆಲಸ. ಅಂದು ನಾಗಸಾಕಿ ಬಾಂಬಿನ ನೆನಪಿನ ದಿನ. ಆಕಾಶದಿಂದ ಬೀಳುವ ವಿಪತ್ತಿನ ವಿರುದ್ಧ ಇದು ನನ್ನ ಪ್ರತಿಭಟನೆ ಎಂದರು ಹೈನ್. ಕೌನ್ಸಿಲ್ ಮೊದಲು ಅಪಾಯವೆಂದಿತು. ಪರೀಕ್ಷೆ ಮಾಡಿದರೆ ಭದ್ರವಾಗಿಯೇ ಇತ್ತು. ಈಜುಕೊಳದ ಕಟ್ಟಡಕ್ಕೆ ಸಾಗಿಸೋಣ ಎಂದಿತು. ಹೈನ್ ಒಪ್ಪಲಿಲ್ಲ. ಕೊನೆಗೆ ಪ್ಲಾನಿಂಗ್ ಒಪ್ಪಿಗೆ ನಿರಾಕರಿಸಿತು. ಮೇಲ್ಮನವಿ ಅಂದಿನ ಪರಿಸರ ಮಂತ್ರಿ ಮೈಕೆಲ್ ಹೆಸಲ್ಟೈನ್ ಅವರ ಇಲಾಖೆಗೆ ಹೋಯಿತು. ಶಾರ್ಕ್ ಸುತ್ತಲಿನ ಮನೆಗಳಿಗೆ ಹೊಂದುವುದಿಲ್ಲ ನಿಜ, ಆದರೆ ಊರನ್ನೆಲ್ಲ ಒಂದೇ ನೀರಸ ಅಚ್ಚಿಗೆ ಇಳಿಸುವುದು ಈ ಕಾನೂನಿನ ಉದ್ದೇಶವಲ್ಲ ಎಂಬುದು ತನಿಖಾಧಿಕಾರಿಯ ನಿಲುವು. 1992ರಲ್ಲಿ ಶಾರ್ಕ್ ಗೆದ್ದಿತು.

ಹೈನ್ 2019ರಲ್ಲಿ ತೀರಿಕೊಂಡರು. 2022ರಲ್ಲಿ ಅದೇ ಆಕ್ಸ್‌ಫರ್ಡ್ ಕೌನ್ಸಿಲ್ ಶಾರ್ಕನ್ನು ಊರಿನ ಪಾರಂಪರಿಕ ಆಸ್ತಿಗಳ ಪಟ್ಟಿಗೆ ಸೇರಿಸಲು ಹೊರಟಿತು. ಈ ಸಲ ತಕರಾರು ತೆಗೆದದ್ದು ಹೈನ್ ಅವರ ಮಗ: ಏನು ಕಾಣಬೇಕು, ಏನು ಕಾಣಬಾರದೆಂದು ಕೌನ್ಸಿಲ್ ತೀರ್ಮಾನಿಸಕೂಡದೆಂಬ ಹಟವೂ ಅಪ್ಪನದಾಗಿತ್ತು, ಈಗ ಅದೇ ಕೌನ್ಸಿಲ್‌ನ ಮುದ್ರೆ ಇದಕ್ಕೇಕೆ ಎಂದು. ಕೌನ್ಸಿಲ್ ಅವರ ಮಾತನ್ನು ಕೇಳಿಸಿಕೊಂಡಿತು, ಪಟ್ಟಿಗೂ ಸೇರಿಸಿತು.